ಅಳತೆಗೆ ಸಿಗದ ಗೆರೆ

ಬಹಳ ಹಿಂದೆ ಯವನರ ಕಡಲಿನಲ್ಲಿ ಒಂದು ದ್ವೀಪರಾಜ್ಯವಿತ್ತು. ಅಲ್ಲಿನವರಿಗೆ ಸಂಖ್ಯೆಗಳೇ ದೇವರು. ಒಂದಕ್ಕೆ ದೀಪ, ಮೂರಕ್ಕೆ ಹೂವು, ಹತ್ತಕ್ಕೆ ಮಹಾಪೂಜೆ. ಈ ಪಂಥದ ಗುರು ಥೆರ್ಸಾಂದ್ರ ದೊಡ್ಡ ಮಾಂತ್ರಿಕ. “ಜಗತ್ತಿನ ಪ್ರತಿಯೊಂದಕ್ಕೂ ಸಂಖ್ಯೆಯಿದೆ, ನನಗದು ಗೊತ್ತಿದೆ” ಎಂಬ ಅವನ ಮಾತಿನಲ್ಲೇ ಅವನ ಮಂತ್ರಶಕ್ತಿಯೆಲ್ಲ ಇತ್ತು. ಅವನ ಪಂಥದವರು ಅವರೆಕಾಳು ತಿನ್ನುವಂತಿಲ್ಲ, ಅವರೆಹೊಲ ತುಳಿಯುವಂತಿಲ್ಲ. ಸತ್ತ ಹಿರಿಯರ ಜೀವ ಅವರೆಯಲ್ಲಿ ಇರುತ್ತದಂತೆ!

ರಾಜಕುಮಾರ ಇಫಿತ ಅವನ ಶಿಷ್ಯನಾದ. ಒಂದು ದಿನ ನೆಲದ ಮೇಲೆ ಚೌಕ ಬರೆದು ಕೇಳಿದ: “ಗುರುಗಳೇ, ಮೂಲೆಯಿಂದ ಎದುರು ಮೂಲೆಗೆ ಎಳೆದ ಈ ಗೆರೆಗೆ ಸಂಖ್ಯೆ ಎಷ್ಟು? ಹುಡುಕಿ ಹುಡುಕಿ ಸೋತೆ. ಇಲ್ಲವೇ ಇಲ್ಲ ಅನಿಸುತ್ತದೆ.”

ಗುರುವಿಗೆ ಮೈಯೆಲ್ಲ ಉರಿಯಿತು. ಇಫಿತನನ್ನು ಕಲ್ಲು ಮಾಡಿ ಆಶ್ರಮದ ಹೊಸ್ತಿಲಿಗೆ ಹಾಕಿಬಿಟ್ಟ.

ಸುದ್ದಿ ಕೇಳಿ ತಂಗಿ ಮೆಲಿತಾ ಅಳುತ್ತ ಕೂರಲಿಲ್ಲ. ನೇರವಾಗಿ ಆಶ್ರಮಕ್ಕೆ ಬಂದು, ಹೊಸ್ತಿಲನ್ನು ತುಳಿಯದೆ ದಾಟಿ, “ನನ್ನ ಅಣ್ಣನನ್ನು ಬಿಡಿ” ಎಂದಳು.

“ಮೂರು ಪರೀಕ್ಷೆ ಗೆದ್ದರೆ ಬಿಡುತ್ತೇನೆ. ಸೋತರೆ ನೀನು ಹಿತ್ತಲಬಾಗಿಲಿನ ಹೊಸ್ತಿಲು.”

“ಆಗಲಿ.”

ಮೊದಲನೆಯದು ಮೌನದ ಪರೀಕ್ಷೆ: ಹೊಸ ಶಿಷ್ಯರೆಲ್ಲ ಮಾಡುವಂತೆ ಪರದೆಯ ಹಿಂದೆ ಬಾಯಿ ಬಿಡದೆ ಕೂರಬೇಕು. ಪರದೆಯ ಆಚೆ ಕೂತ ಗುರು ಅವಳ ಅಣ್ಣನನ್ನು ಬಾಯಿಗೆ ಬಂದಂತೆ ಬೈದ. ಮೆಲಿತಾಳ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಮಾತು ಬರಲಿಲ್ಲ. ಗೆದ್ದಳು.

ಎರಡನೆಯದಕ್ಕೆ ಕಬ್ಬಿಣದ ಹಲ್ಲಿನ ಸಿಂಹವನ್ನು ಬಿಟ್ಟರು. ಅವಳು ಗೋಡೆಗೆ ಒರಗಿಸಿದ್ದ ವೀಣೆಯ ತಂತಿಯನ್ನು ಒಮ್ಮೆ ಮೀಟಿದಳು. ಸರಿಯಾಗಿ ನಡುವೆ ಒತ್ತಿ ಮತ್ತೆ ಮೀಟಿದಳು. ಅದೇ ಸ್ವರ ಮೇಲೇರಿ ಕೇಳಿತು. ಎರಡೂ ಸ್ವರ ಕೂಡಿದ್ದೇ ತಡ, ಸಿಂಹ ಆಕಳಿಸಿ ಮಲಗಿತು.

“ಮೂರನೆಯದು,” ಎಂದ ಗುರು. “ನಾನು ಸಂಖ್ಯೆ ಹೇಳಲಾಗದ ಒಂದು ವಸ್ತು ತೋರಿಸು.”

ಮೆಲಿತಾ ಅಂಗಳದ ಮರಳಲ್ಲಿ ಅಣ್ಣನ ಚೌಕವನ್ನೇ ಬರೆದು ಗೆರೆ ಎಳೆದಳು.

ಬದಿಯನ್ನೂ ಗೆರೆಯನ್ನೂ ಒಂದೇ ಅಳತೆಯ ಕಡ್ಡಿಯಿಂದ ಸರಿಯಾಗಿ ಅಳೆಯಲು ಗುರು ಕಡ್ಡಿಗಳನ್ನು ಸಮನಾಗಿ ಕತ್ತರಿಸಿದ. ಬದಿಗೆ ಐದು ಕಡ್ಡಿ ಹಿಡಿದವು. ಗೆರೆಗೆ ಏಳು ಇಟ್ಟ, ಚೂರು ಕಡಿಮೆಯಾಯಿತು. ಇನ್ನೂ ಸಣ್ಣ ಕಡ್ಡಿ ಮಾಡಿದ. ಬದಿಗೆ ಹನ್ನೆರಡು, ಗೆರೆಗೆ ಹದಿನೇಳು, ಕೂದಲೆಳೆಯಷ್ಟು ಹೆಚ್ಚಾಯಿತು. ಅವನ ಹಣೆ ಬೆವರಿತು. ಶಿಷ್ಯರೆಲ್ಲ ಬಗ್ಗಿ ಬಗ್ಗಿ ನೋಡತೊಡಗಿದರು.

“ನಿನ್ನನ್ನೂ ಕಲ್ಲು ಮಾಡಿಬಿಡುತ್ತೇನೆ!” ಎಂದು ಗುರು ಮಂತ್ರದಂಡ ಎತ್ತಿದ. ಅದು ಮೈಗೆ ತಾಗಿದರೆ ಮುಗಿಯಿತು. ಮೆಲಿತಾ ಓಡಿದಳು. ಬೇಲಿ ಹಾರಿ ಪಕ್ಕದ ರೈತರ ಅವರೆಹೊಲದ ನಡುವೆ ನಿಂತಳು. ಗುರು ಶಿಷ್ಯರ ಸಮೇತ ಬದುವಿನ ತನಕ ಬಂದು ಗಕ್ಕನೆ ನಿಂತ.

“ಬಾರೇ ಈಚೆ!”

“ನೀವೇ ಬನ್ನಿ ಗುರುಗಳೇ.”

ಅವನು ಕಾಲೆತ್ತಿದ, ಮತ್ತೆ ಇಳಿಸಿದ. ತಾನೇ ಮಾಡಿದ ನಿಯಮ, ಸುತ್ತಲೂ ತನ್ನದೇ ಶಿಷ್ಯರು.

ಮೆಲಿತಾ ಕೇಳಿದಳು, “ಆ ಗೆರೆಗೆ ಸಂಖ್ಯೆ ಎಷ್ಟು?”

ಪರದೆಯ ಹಿಂದೆ ವರ್ಷಗಟ್ಟಲೆ ಬಾಯಿ ಮುಚ್ಚಿ ಕೂತಿದ್ದ ಶಿಷ್ಯರೂ ಕೇಳಿದರು, “ಹೌದು ಗುರುಗಳೇ, ಎಷ್ಟು?”

ಗುರು ತಲೆ ತಗ್ಗಿಸಿದ. “ನನಗೆ ಗೊತ್ತಿಲ್ಲ.”

ಅಷ್ಟೇ! ಮಂತ್ರದಂಡ ಪುಡಿಯಾಯಿತು. ಹೊಸ್ತಿಲು ಸೀನಿ ಎದ್ದು ಇಫಿತನಾಯಿತು. “ಅಬ್ಬಾ, ಎಷ್ಟು ಜನ ತುಳಿದರೇ ಪುಟ್ಟಿ!” ಎಂದು ಸೊಂಟ ಹಿಡಿದುಕೊಂಡ. ಮೆಲಿತಾ ಆಗ ಮಾತ್ರ ಗಟ್ಟಿಯಾಗಿ ಅತ್ತಳು.

ಅಂದು ಆಶ್ರಮದಲ್ಲಿ ಅವರೆಕಾಳಿನ ಸಾರು ಮಾಡಿದರು. ಥೆರ್ಸಾಂದ್ರನಿಗೂ ಬಡಿಸಿದರು. ಹೆದರಿ ಹೆದರಿ ಒಂದು ತುತ್ತು ತಿಂದ. ಆಮೇಲೆ ತಟ್ಟೆ ಮುಂದೆ ಮಾಡಿ, “ಇನ್ನೊಂದು ಸೌಟು ಹಾಕಮ್ಮ” ಎಂದ. ಅಂದಿನಿಂದ ಆ ದ್ವೀಪದಲ್ಲಿ ಎಲ್ಲರೂ ಬೇಕಾದ್ದು ಕೇಳುತ್ತ, ಹೊಟ್ಟೆ ತುಂಬ ಉಣ್ಣುತ್ತ ಸುಖವಾಗಿ ಬಾಳಿದರು.