ಮೂರುದಾರಿಯಲ್ಲಿ ಅಳಿಸಿದ ಬಾಣ

ಐಶ್ವರ್ಯಾ ಸೈಕಲ್ಲನ್ನು ಗೋಡೆಗೆ ಒರಗಿಸದೆ ಅಂಗಳದಲ್ಲೇ ಕೆಡವಿ ಒಳಗೆ ಬಂದಾಗಲೇ ಲಕ್ಷ್ಮೀದೇವಿಗೆ ಏನೋ ಕೆಟ್ಟದ್ದಾಗಿದೆ ಅನ್ನಿಸಿತು. ಸೈಕಲ್ಲಿಗೆ ಧೂಳು ಕೂತರೆ ವೇಲಿನಿಂದ ಒರೆಸುವ ಹುಡುಗಿ ಅದು. ಹೆಲ್ಮೆಟ್ಟನ್ನೂ ಬಿಚ್ಚದೆ ಗಿರಿಜಾಬಾಯಿಯವರ ಮುಂದೆ ನಿಂತಳು.

"ಬಾಯಾರ, ನಾ ಗೆದ್ದೇನ್ರಿ," ಅಂದಳು. ಅಂದವಳೇ ಅತ್ತಳು.

ಗಿರಿಜಾಬಾಯಿ ವಕೀಲಿಕೆ ಬಿಟ್ಟು ಬಹಳ ಕಾಲವಾಗಿದ್ದರೂ ಹಳಿಯಾಳದ ಬಸ್ ಸ್ಟ್ಯಾಂಡಿನ ಹಿಂದಿನ ಅವರ ಮನೆಗೆ ಜನ ಬರುವುದು ನಿಂತಿರಲಿಲ್ಲ. ಕಳೆದುಹೋದ ಎಮ್ಮೆಯಿಂದ ಹಿಡಿದು ಮುರಿದುಬಿದ್ದ ಮದುವೆಯವರೆಗೆ, ಪೊಲೀಸರಿಗೆ ಹೇಳಲಾಗದ್ದನ್ನೆಲ್ಲ ತಂದು ಅವರ ಮುಂದೆ ಸುರಿಯುತ್ತಿದ್ದರು. ಅವರ ಕೈಕೆಳಗೆ ಕಾನೂನು ಕಲಿಯಲು ಬಂದಿದ್ದ ಲಕ್ಷ್ಮೀದೇವಿ ಅದಕ್ಕಿಂತ ಚೆನ್ನಾಗಿ ಕಲಿತದ್ದು ಎರಡು: ಅವರನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ತಿರುಗುವುದು, ಅವರು ಯೋಚಿಸುವಾಗ ಸುಮ್ಮನಿರುವುದು.

ನೀರು ಕುಡಿದು ಐಶ್ವರ್ಯಾ ಹೇಳಿದ ಕತೆ ಇಷ್ಟು. ಅಂದು ಬೆಳಿಗ್ಗೆ ಊರಿನ ಸೈಕಲ್ ಬಳಗದವರು ಹೆಣ್ಣುಮಕ್ಕಳ ಸ್ಪರ್ಧೆ ಇಟ್ಟಿದ್ದರು. ಕೊನೆಯ ಬಡಾವಣೆಯಿಂದ ಹೊರಟು, ಕಬ್ಬಿನ ಹೊಲಗಳ ನಡುವಿನ ಹಳ್ಳಿಗಳನ್ನು ಸುತ್ತಿ, ಮತ್ತೆ ಊರಿಗೇ ಬರುವ ದಾರಿ. ಗೆದ್ದವಳಿಗೆ ರಾಜ್ಯಮಟ್ಟದ ತರಬೇತಿ ಶಿಬಿರದಲ್ಲಿ ಜಾಗ. ತಿರುವುಗಳಲ್ಲೆಲ್ಲ ಬಾಣದ ಗುರುತು ಹಾಕುವ ಕೆಲಸ ಅವಳ ಅಣ್ಣ ರುದ್ರೇಶನದು. ಹಿಂದಿನ ಸಂಜೆಯೇ ಹಾಕಿ ಬಂದಿದ್ದ. ಅಮಾವಾಸ್ಯೆಯ ದಿನ ಸ್ಪರ್ಧೆ ಯಾಕೆ ಅಂತ ಅವ್ವ ಮಾತ್ರ ಗೊಣಗಿದ್ದಳು.

ಮುಂಡಗೋಡದ ತಾಂಡಾದ ತುಳಜಾ ಎಲ್ಲರಿಗಿಂತ ಮುಂದಿದ್ದಳಂತೆ. ಕೊನೆಯ ಮೂರುದಾರಿಯಲ್ಲಿ ಎಡಕ್ಕೆ ಹೊರಳಬೇಕಿತ್ತು. ಅಲ್ಲಿ ಬಾಣವೇ ಇರಲಿಲ್ಲ. ತುಳಜಾ ನೆಟ್ಟಗೆ ದಾಂಡೇಲಿ ಕಡೆಯ ಸಾಗವಾನಿ ಕಾಡು ಹೊಕ್ಕಳು. ಹಿಂದೆ ಬಂದ ಐಶ್ವರ್ಯಾ ಎಡಕ್ಕೆ ಹೊರಳಿದಳು, ಗೆದ್ದಳು. ಉಳಿದವರು ಅವಳ ಬೆನ್ನು ನೋಡಿಕೊಂಡು ಬಂದರು. ಈಗ ಊರಿನ ಬಾಯಲ್ಲಿ ಒಂದೇ ಮಾತು: ತಂಗಿಗೆ ದಾರಿ ಹೇಳಿಕೊಟ್ಟು ಅಣ್ಣನೇ ಬಾಣ ಅಳಿಸಿದ. ಸಂಜೆಯೊಳಗೆ ನಿಜ ತಿಳಿಯದಿದ್ದರೆ ಇಬ್ಬರನ್ನೂ ಹೊರಗೆ ಹಾಕುತ್ತೇನೆ ಅಂದಿದ್ದ ಬಳಗದ ಅಧ್ಯಕ್ಷ ಅಂದಾನೆಪ್ಪ.

"ಗೆಲುವು ಬ್ಯಾಡ್ರಿ ನನಗ. ಅಣ್ಣನ ಹೆಸರು ಉಳಸ್ರಿ."

"ಬಾಣ ಇಲ್ಲದ ಕಡೆ ನೀ ಎಡಕ್ಕ ಹೆಂಗ ಹೊಳ್ಳಿದಿ, ತಂಗಿ?"

"ಕಬ್ಬಿನ ರವದಿ, ಒಣಾ ಗರಿ, ಬಿದ್ದಿತ್ರಿ ಎಡಗಡಿ ದಾರ್ಯಾಗ. ಕಬ್ಬು ಹೇರಿದ ಟ್ರ್ಯಾಕ್ಟರು ನಮ್ಮೂರ ಸಕ್ಕರಿ ಫ್ಯಾಕ್ಟರಿಗೆ ಬರದ ಮತ್ತೆಲ್ಲಿ ಹೋದಾವು?"

ಗಿರಿಜಾಬಾಯಿ ಚಪ್ಪಲಿ ಮೆಟ್ಟಿದರು.

ರುದ್ರೇಶ ದಾರಿಯಲ್ಲೇ ಸಿಕ್ಕ. ಎಲ್ಲ ಕಡೆಯೂ ಸುಣ್ಣದ ಪುಡಿಯಲ್ಲೇ ಬಾಣ ಹಾಕಿದ್ದೆ, ದೂರಕ್ಕೆ ಕಾಣಲೆಂದು ಪಕ್ಕದಲ್ಲಿ ಕಲ್ಲಿನಡಿ ಕೆಂಪು ಬಟ್ಟೆಯ ಚೂರು ಇಟ್ಟಿದ್ದೆ ಅಂತ ಆಣೆ ಮಾಡಿ ಹೇಳಿದ. ಹೇಳುವಾಗ ಅಂಗಿಯ ತೋಳನ್ನು ಮತ್ತೆ ಮತ್ತೆ ಒಳಕ್ಕೆ ಮಡಚಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ಅಂದುಕೊಂಡಳು ಲಕ್ಷ್ಮೀದೇವಿ. ಇವನೇ ತಪ್ಪಿತಸ್ಥನಾದರೆ ಆ ಹುಡುಗಿಗೆ ಯಾವ ಬಾಯಿಂದ ಹೇಳುವುದು?

ಮೊದಲ ತಿರುವುಗಳಲ್ಲಿ ಬಿಳಿ ಬಾಣಗಳು ಹಾಗೇ ಇದ್ದವು. ಮೂರುದಾರಿಯಲ್ಲಿ ಮಾತ್ರ ಡಾಂಬರಿನ ಮೇಲೆ ಒಂದು ಚಾಪೆಯಗಲ ಜಾಗ ಹಸಿರುಗಪ್ಪಾಗಿ ಒಣಗಿತ್ತು. ಗಿರಿಜಾಬಾಯಿ ಬಗ್ಗಿ ಮೂಸಿದರು. ಸಗಣಿ. ತಲೆಯ ಪಿನ್ನು ತೆಗೆದು ಬಿರುಕೊಂದನ್ನು ಕೆದಕಿದರು. ಪಿನ್ನಿನ ತುದಿಗೆ ಬಿಳಿ ಬರಲಿಲ್ಲ, ಹಳದಿ ಬಂತು. ಪಕ್ಕದ ಕಾಲುವೆಯಲ್ಲಿ ಹುಲ್ಲಿಗೆ ಸಿಕ್ಕಿಕೊಂಡ ಕೆಂಪು ಚಿಂದಿಯೊಂದು ನೀರಿನೊಡನೆ ಜಗ್ಗಾಡುತ್ತಿತ್ತು.

ಅಲ್ಲಿದ್ದದ್ದು ಒಂದೇ ಮನೆ, ಯಲ್ಲವ್ವನದು. ಅಂಗಳ ಸಾರಿಸಿತ್ತು. ಒಳಗಿನಿಂದ ಲೋಬಾನದ ಹೊಗೆ ಬರುತ್ತಿತ್ತು. ಬೆಕ್ಕಿನ ಮರಿಯಂಥ ಸಣ್ಣ ಅಳುವೊಂದು ಎದ್ದು, ಜೋಗುಳಕ್ಕೆ ಸುಮ್ಮನಾಯಿತು. ಹೊಸ್ತಿಲಲ್ಲಿ ಮೊರ ಹಿಡಿದು ಕೂತಿದ್ದ ಯಲ್ಲವ್ವ ಮೊದಲು ಚಹಾ ಕುಡಿಯಿರಿ ಅಂತ ಬಾಯ್ತುಂಬ ಮಾತಾಡಿದಳು. ರಸ್ತೆಯ ಮೇಲಿನ ಗುರುತಿನ ಸುದ್ದಿ ಬಂದದ್ದೇ ತಡ, ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ತಾನು ಆ ಕಡೆ ಕಣ್ಣೆತ್ತಿಯೂ ನೋಡಿಲ್ಲ ಅಂದಳು. ಆಮೇಲೆ ಏನು ಕೇಳಿದರೂ ತುಟಿ ಬಿಚ್ಚಲಿಲ್ಲ.

ಸ್ಕೂಟಿಯ ಹತ್ತಿರ ಬಂದು ಲಕ್ಷ್ಮೀದೇವಿ, ಈ ಮುದುಕಿಗೆ ಯಾರೋ ಹೆದರಿಸಿರಬೇಕು ಅಂದಳು. ಗಿರಿಜಾಬಾಯಿ ಬೇರೆಯೇ ಕೇಳಿದರು.

"ನಿಮ್ಮ ಅಜ್ಜಿ ಕತಿಯೊಳಗ ಮೂರುದಾರಿ ಬರ್ತಿತ್ತಲ್ಲ. ಅಲ್ಲಿ ಏನ ಬಿದ್ದಿರತೈತಿ?"

ಲಕ್ಷ್ಮೀದೇವಿಗೆ ಅಜ್ಜಿಯ ಮಡಿಲು, ಆರುತ್ತಿದ್ದ ಒಲೆ, ಎರಡು ದಾರಿಗೆ ಹೋಗು ಮೂರನೆಯದಕ್ಕೆ ಹೋಗಬೇಡ ಅನ್ನುವ ರಾಜಕುಮಾರಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ದಾರಿ ಕೂಡುವಲ್ಲಿ ಯಾವಾಗಲೂ ಏನೋ ಇರುತ್ತಿತ್ತು, ಅದನ್ನು ದಾಟಬಾರದಿತ್ತು. ಹೇಳಲು ಬಾಯಿ ತೆರೆದವಳು ತಿರುಗಿ ಯಲ್ಲವ್ವನ ಹೊಸ್ತಿಲು ನೋಡಿದಳು.

"ತಿಳೀತಲ್ಲ? ಹೋಗೂಣು ನಡಿ. ಎಲ್ಲಾರನ್ನೂ ಇಲ್ಲಿಗೇ ಕರಕೊಂಡ ಬರೂಣು."

ಇಳಿಹೊತ್ತಿಗೆ ಯಲ್ಲವ್ವನ ಅಂಗಳದಲ್ಲಿ ಸಭೆ ಸೇರಿತು. ಅಂದಾನೆಪ್ಪ ಕಟ್ಟೆಯ ಮೇಲೆ, ಅಣ್ಣತಂಗಿ ಒಂದು ಬದಿಗೆ, ತುಳಜಾ ಇನ್ನೊಂದು ಬದಿಗೆ ಮುಖ ತಿರುಗಿಸಿಕೊಂಡು. ಯಲ್ಲವ್ವ ಹೊಸ್ತಿಲು ಬಿಟ್ಟು ಕದಲಲಿಲ್ಲ.

ಗಿರಿಜಾಬಾಯಿ ಕೋರ್ಟಿನಲ್ಲಿ ನಿಂತ ಹಾಗೇ ನಿಂತು ಹೇಳಿದರು. ಮೋಸ ಮಾಡುವವನು ಬಾಣವನ್ನು ಕಾಲಿನಿಂದ ಉಜ್ಜಿ ಹೋಗುತ್ತಾನೆ, ಇಲ್ಲವೇ ಬೇರೆ ದಿಕ್ಕಿಗೆ ತಿರುಗಿಸುತ್ತಾನೆ. ಸಗಣಿ ಕಲಸಿ ತಂದು ಸಾರಿಸುತ್ತ ಕೂರುವುದಿಲ್ಲ. ಸಾರಿಸಿದವರಿಗೆ ಬೇಕಾದದ್ದು ಮೋಸವಲ್ಲ, ಶುದ್ಧಿ. ಐಶ್ವರ್ಯಾ ಹೊರಳಿದ್ದು ಅಣ್ಣ ಹೇಳಿಕೊಟ್ಟದ್ದರಿಂದಲ್ಲ, ರವದಿ ನೋಡಿ. ಬೇಕಾದರೆ ಈಗಲೂ ಹೋಗಿ ನೋಡಬಹುದು. ಭತ್ತದ ಸೀಮೆಯ ತುಳಜಾಗೆ ಆ ಗುರುತು ತಿಳಿಯುವಂತಿರಲಿಲ್ಲ. ಇನ್ನುಳಿದದ್ದು ಬಿರುಕಿನ ಹಳದಿ.

"ರುದ್ರೇಶ, ತೋಳು ಬಿಚ್ಚಪಾ."

ಅವನು ಬಿಚ್ಚಿದ. ಅಂಚಿನ ತುಂಬ ಅರಿಸಿನದ ಕಲೆ.

"ಸುಣ್ಣ ತೀರಿತ್ರಿ ಬಾಯಾರ," ಅಂದ ತಲೆ ತಗ್ಗಿಸಿ. "ಕತ್ತಲಾಗೂದರೊಳಗ ಮುಗಿಸಬೇಕಂತ ಮನಿಗೆ ಓಡಿದೆ. ದೇವರ ಜಗಲಿ ಮ್ಯಾಲೆ ಭಂಡಾರದ ಅರಿಸಿನ, ಕುಂಕುಮ ಇತ್ತು. ದೇವರ ಭಂಡಾರ ಗಾಲಿ ಕೆಳಗ ಸುರದೇನಿ ಅಂದ್ರ ಅವ್ವ ಮನ್ಯಾಗ ಇಟಗೊಳ್ಳೂದಿಲ್ಲ."

"ಸುಳ್ಳು ಅಷ್ಟಕ್ಕೇ ಹೇಳಿದಿ. ಆದರ ನೀ ಏನ ಮಾಡಿದಿ ಗೊತ್ತೈತೇನು? ಅಮಾಸಿ ಹಿಂದಿನ ದಿನ, ಹೊತ್ತು ಮುಳುಗೂ ಮುಂದ, ಮೂರುದಾರಿಯೊಳಗ ಅರಿಸಿನ, ಕುಂಕುಮ, ಕೆಂಪ ಬಟ್ಟಿ. ಎದುರಿನ ಮನ್ಯಾಗ ಹಸಿ ಬಾಣಂತಿ."

ಎಲ್ಲರ ಕಣ್ಣೂ ಹೊಸ್ತಿಲ ಕಡೆ ಹೋಯಿತು. ಯಲ್ಲವ್ವ ಮೊರವನ್ನು ಮುಖಕ್ಕೆ ಅಡ್ಡ ಹಿಡಿದಳು.

ಅವಳು ಹೇಳಲಿಲ್ಲ ಅಂತ ಬೈಯಬೇಡಿ ಅಂದರು ಗಿರಿಜಾಬಾಯಿ. ಮಾಟ ಕಿತ್ತವರು ಬಾಯಿ ಬಿಟ್ಟರೆ ಅದು ಅವರದೇ ಮನೆ ಹೊಗುತ್ತದೆ ಅನ್ನುವುದು ಈ ಕಡೆಯ ಹಳೆಯ ನಂಬಿಕೆ. ಗಾಲಿಗೆ ಗುರುತು ಅಂತ ರುದ್ರೇಶ ಇಟ್ಟದ್ದನ್ನು ಅವಳು ತೊಟ್ಟಿಲಿನ ಕೂಸಿಗೆ ಇಟ್ಟ ಮಾಟ ಅಂದುಕೊಂಡಳು. ಕೋಳಿ ಕೂಗುವ ಮೊದಲೇ ಎದ್ದು ಸಾರಿಸಿದಳು, ಬಟ್ಟೆಯನ್ನು ಹರಿಯುವ ನೀರಿಗೆ ಬಿಟ್ಟಳು. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಳು.

ಅವರು ಕಣ್ಸನ್ನೆ ಮಾಡಿದರು. ಲಕ್ಷ್ಮೀದೇವಿ ತಂದಿದ್ದ ಅರಿಸಿನದ ಪೊಟ್ಟಣವನ್ನು ರುದ್ರೇಶನಿಗೆ ಕೊಟ್ಟಳು. ಅವನು ಅಂಗಳದಲ್ಲೇ ಬಗ್ಗಿ ಒಂದು ಗೆರೆ ಎಳೆದ, ತುದಿಗೆ ಎರಡು ಓರೆಗೆರೆ ಸೇರಿಸಿದ. ಯಲ್ಲವ್ವ ಕತ್ತು ಚಾಚಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇಷ್ಟ ಏನೋ ತಮ್ಮಾ ಅದು?"

"ಇಷ್ಟ ಆಯಿ. ಸೈಕಲ್ಲಿಗೆ ಹಿಂಗ ಹೋಗ್ರಿ ಅಂತ."

"ನಿನ್ನ ಮಾರಿಗಿಷ್ಟು," ಅಂದಳು ಮುದುಕಿ. ಮೊರ ಕೆಳಗಿಟ್ಟು ಕೂತಲ್ಲೇ ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ನಿನ್ನಿ ಸಂಜಿಯಿಂದ ಕೂಸಿನ ತಲಿ ಮ್ಯಾಲಿನ ಕೈ ತಗದಿಲ್ಲೋ ನಾನು. ಸುಡಗಾಡ ಗೆರಿ ಎಳದು ನನ್ನ ಜೀವಾ ತಿಂದಿ."

ಒಳಗಿನಿಂದ ಬಾಣಂತಿ ಸೊಸೆಯೂ ನಕ್ಕದ್ದು ಕೇಳಿತು. ಅಂದಾನೆಪ್ಪ ಕೆಮ್ಮಿ, ಯಾರನ್ನೂ ಹೊರಗೆ ಹಾಕುವ ಮಾತಿಲ್ಲ, ಅಮಾವಾಸ್ಯೆ ನೋಡದೆ ದಿನ ಗೊತ್ತು ಮಾಡಿದ ತಪ್ಪು ತನ್ನದೇ ಅಂದ. ಆದರೆ ಶಿಬಿರಕ್ಕೆ ಯಾರು?

ತುಳಜಾ ಇನ್ನೂ ಮುಖ ತಿರುಗಿಸಿಕೊಂಡೇ ಇದ್ದಳು. ಐಶ್ವರ್ಯಾ ಅವಳ ಮುಂದೆ ಹೋಗಿ ನಿಂತಳು.

"ಮುಂದಿನ ಐತವಾರ ಮತ್ತ ಹೊಡಿಯೂಣು. ಇದ ದಾರಿ. ಬರ್ತಿಯಿಲ್ಲ?"

"ಬರ್ತೇನಿ," ಅಂದಳು ತುಳಜಾ. "ನಿಮ್ಮಣ್ಣಗ ಸುಣ್ಣಾ ಜಾಸ್ತಿ ತರಾಕ ಹೇಳು."

ಮರುವಾರ ರುದ್ರೇಶ ಚೀಲದ ತುಂಬ ಸುಣ್ಣ ಹೊತ್ತು ಮೂರುದಾರಿಗೆ ಹೋದರೆ ಅಲ್ಲಿ ಕೆಲಸವೇ ಉಳಿದಿರಲಿಲ್ಲ. ಯಲ್ಲವ್ವ ರಂಗೋಲಿಯಲ್ಲಿ ಬಾಣ ಬರೆದು, ತುದಿಗೆ ಒಂದು ಕಮಲವನ್ನೂ ಅರಳಿಸಿದ್ದಳು. ಗಾಲಿ ತಾಗದಂತೆ ಹುಡುಗಿಯರು ಅದನ್ನು ಬಳಸಿ ಎಡಕ್ಕೆ ಹೊರಳಿದರು. ಕೂಸನ್ನೆತ್ತಿಕೊಂಡು ನಿಂತಿದ್ದ ಮುದುಕಿ ಎಲ್ಲರಿಗೂ ಕೈ ಮಾಡಿ ದಾರಿ ತೋರಿಸಿದಳು.

ಊರ ಬಡಾವಣೆಗೆ ಮೊದಲು ಬಂದದ್ದು ತುಳಜಾ. ಒಂದು ಗಾಲಿಯಷ್ಟು ಹಿಂದೆ ಐಶ್ವರ್ಯಾ. ತಂಗಿ ಸೋತದ್ದಕ್ಕೆ ರುದ್ರೇಶನಷ್ಟು ಜೋರಾಗಿ ಚಪ್ಪಾಳೆ ತಟ್ಟಿದ ಅಣ್ಣನ ಸುದ್ದಿಯನ್ನು ಲಕ್ಷ್ಮೀದೇವಿ ಅಜ್ಜಿಯ ಯಾವ ಕತೆಯಲ್ಲೂ ಕೇಳಿರಲಿಲ್ಲ.