ಕ್ಯಾಸೆಟ್ ಇಳಿಯೋರು ಯಾರು?

ಅಂಗಡಿ ತೆರೆದ ಮೊದಲ ದಿನವೇ ಒಬ್ಬ ಗಂಡಸು ನನ್ನ ಬಾಗಿಲ ಎದುರು ನಿಂತು "ಕ್ಯಾಸೆಟ್! ಕ್ಯಾಸೆಟ್!" ಎಂದು ಗಂಟಲು ಹರಿಯುವಂತೆ ಕೂಗಿದ.

ನಾನು ಆಗ ಫ್ರೇಮುಗಳನ್ನು ಒಂದೊಂದಾಗಿ ಒರೆಸಿ ಗಾಜಿನ ಕಪಾಟಿನಲ್ಲಿ ಜೋಡಿಸುತ್ತಿದ್ದೆ. ಬಾಗಿಲ ಮೇಲೆ ದೊಡ್ಡ ಬೋರ್ಡು, ಅದರಲ್ಲಿ ಎರಡು ದೊಡ್ಡ ಕಣ್ಣು, ಆ ಕಣ್ಣುಗಳಿಗೆ ಇನ್ನೂ ದೊಡ್ಡ ಕನ್ನಡಕ. ಇಷ್ಟೆಲ್ಲ ಇದ್ದೂ ಇಲ್ಲಿ ಬಂದು ಕ್ಯಾಸೆಟ್ ಕೇಳುವವನು ನನ್ನ ಮೊದಲ ಗಿರಾಕಿಯಾಗಲು ತಕ್ಕವನೇ ಎಂದುಕೊಂಡು ಹೊರಗೆ ಬಂದೆ.

"ರೀ, ಇಲ್ಲಿ ಕ್ಯಾಸೆಟ್ ಇಲ್ಲ, ಕನ್ನಡಕ ಇದೆ. ನಿಮಗೆ ಅರ್ಜೆಂಟಾಗಿ ಬೇಕು ಅನ್ಸುತ್ತೆ."

ಅವನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು, ಇನ್ನೊಂದು ನೆಲದ ಮೇಲೆ. ಹೆಗಲಲ್ಲಿ ಚರ್ಮದ ಚೀಲ. ಅವನು ನನ್ನನ್ನು ನೋಡಿದ, ಬೋರ್ಡನ್ನು ನೋಡಿದ, ಮತ್ತೆ ನನ್ನನ್ನೇ ನೋಡಿದ. ಇಳಿಯುತ್ತಿದ್ದ ಜನರೆಲ್ಲ ನಗುತ್ತಿದ್ದರು.

"ಅದು ಸ್ಟಾಪ್ ಹೆಸರು ರೀ," ಎಂದ, ತನ್ನ ನಗುವನ್ನು ಕಷ್ಟಪಟ್ಟು ತಡೆದುಕೊಂಡು. "ನಿಮ್ಮ ಅಂಗಡಿ ಇದೆಯಲ್ಲ, ಇಲ್ಲಿ ಮುಂಚೆ ಕ್ಯಾಸೆಟ್ ಅಂಗಡಿ ಇತ್ತು."

"ಈಗ ಇಲ್ಲವಲ್ಲ. ಕನ್ನಡಕ ಅಂತ ಕೂಗಿ. ಮೊದಲನೇ ಅಕ್ಷರ ಹೇಗೂ ಹತ್ತಿರ ಹತ್ತಿರ ಇದೆ, ನಾಲಿಗೆಗೆ ತೊಂದರೆ ಆಗಲ್ಲ."

ಆಯಿತು ಎನ್ನುವಂತೆ ತಲೆಯಾಡಿಸಿದ. ಮಧ್ಯಾಹ್ನ ಅದೇ ಬಸ್ಸು ಮತ್ತೆ ಬಂತು. "ಕ್ಯಾಸೆಟ್! ಕೊನೇ ಸ್ಟಾಪ್! ಕ್ಯಾಸೆಟ್ ಇಳಿಯೋರು ಯಾರು?"

ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಹಾಗೆ. ಆಗ ಅದು ಬರೀ ಒಂದು ಅಂಗಡಿಯ ಮೇಲಿತ್ತು.

ನಮ್ಮದು ಊರಿನ ಅಂಚಿನ ಬಡಾವಣೆ. ಬಸ್ಸು ಆ ಮೂಲೆಯಲ್ಲಿ ತಿರುಗಿಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಡ್ರೈವರ್ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರೆ, ಇವನು ಚಹಾ ಹಿಡಿದುಕೊಂಡು ನನ್ನ ಅಂಗಡಿಯ ಮೆಟ್ಟಿಲಿನ ಮೇಲೆ ಕೂರುತ್ತಿದ್ದ. ಬಸ್ಸಿಗೆ ಕಾಯುವ ಯಾರಾದರೂ ಸಿಕ್ಕರೆ ಸಾಕು, ಅವನ ಬಾಯಲ್ಲಿ ಹಳೆಯ ಮೂಲೆ ಮತ್ತೆ ಬಾಗಿಲು ತೆರೆಯುತ್ತಿತ್ತು.

"ಆ ಎಟಿಎಂ ಇದೆಯಲ್ಲ, ಅಲ್ಲಿ ಗಡಿಯಾರದ ಮಾವ ಇದ್ರು. ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಟೈಮು. ಯಾವುದು ಸರಿ ಮಾವ ಅಂದ್ರೆ, 'ಇರು, ಬಸ್ ಬರಲಿ, ನೋಡಿ ಹೇಳ್ತೀನಿ' ಅಂತಿದ್ರು. ಈ ಮೊಬೈಲ್ ಅಂಗಡಿ ಜಾಗದಲ್ಲಿ ಬೇಕರಿ ಅಜ್ಜಿ. ಕರಕಲಾದ ಬನ್ನು ನಮಗೆ ಫ್ರೀ. ಒಲೆ ಕಡೆ ನೋಡ್ತಾ, ಸುಟ್ಟುಹೋಗಲಿ ದೇವರೇ ಅಂತ ಕಾಯ್ತಿದ್ವಿ. ಅಲ್ಲಿ ಶಟರ್ ಎಳೆದಿದೆ ನೋಡಿ, ಅದು ಸ್ಟುಡಿಯೊ ಅಣ್ಣಂದು. ನಗಬೇಡಿ ನಗಬೇಡಿ ಅಂತಾನೇ ನಗಿಸಿ ಫೋಟೊ ಕೆಡಿಸ್ತಿದ್ರು. ಇನ್ನು ಇಲ್ಲಿ..."

ಇಲ್ಲಿಗೆ ಬಂದಾಗ ಅವನ ಮಾತು ತಡೆಯುತ್ತಿತ್ತು. "ಇಲ್ಲಿ ಕ್ಯಾಸೆಟ್," ಎಂದು ಹೇಳಿ ಲೋಟದೊಳಗೆ ನೋಡುತ್ತಿದ್ದ.

ಲೆನ್ಸು ಉಜ್ಜುತ್ತ ಒಳಗೆ ಕೂತ ನನಗೆ ಕಿವಿ ಸರಿಯಾಗಿಯೇ ಇತ್ತು. ಮಾವ, ಅಜ್ಜಿ, ಅಣ್ಣ. ಬಸ್ಸು ಹತ್ತಿದ ಹೆಂಗಸರಿಗೆಲ್ಲ ಅಕ್ಕ, ಅಮ್ಮ, ತಂಗಿ ಎಂದು ಸಂಬಂಧ ಹಚ್ಚುವ ಮನುಷ್ಯ ಇವನು. ಕ್ಯಾಸೆಟ್ಟಿಗೆ ಮಾತ್ರ ಸಂಬಂಧವಿಲ್ಲ. ಬರಿಯ ಕ್ಯಾಸೆಟ್. ಅಂದರೆ ಅಲ್ಲಿ ಇದ್ದವಳು ಹುಡುಗಿ, ಅವಳನ್ನು ಅಕ್ಕ ಎನ್ನಲು ಇವನ ನಾಲಿಗೆ ಹೊರಳಿರಲಿಲ್ಲ. ಇದನ್ನು ಲೆಕ್ಕ ಹಾಕಲು ನನಗೆ ಯಾವ ಭೂತಗನ್ನಡಿಯೂ ಬೇಕಾಗಲಿಲ್ಲ.

ಅಂದಿನಿಂದ ನನ್ನ ಅಂಗಡಿ ನನ್ನದೆನಿಸಲಿಲ್ಲ. ಕನ್ನಡಿ ತೆಗೆದರೆ ಹಿಂದೆ ಅವಳ ಶೆಲ್ಫಿನ ತೂತುಗಳು. ಪುಟ್ಟಿ ತುಂಬಿ ಬಣ್ಣ ಹೊಡೆಸಿದೆ, ತಿಂಗಳೊಳಗೆ ಪುಟ್ಟಿ ಉದುರಿ ತೂತುಗಳು ಮತ್ತೆ ನನ್ನನ್ನೇ ನೋಡತೊಡಗಿದವು. ಬಾಡಿಗೆ ಕಟ್ಟುವವಳು ನಾನು, ಕೂಗಿಸಿಕೊಳ್ಳುವವಳು ಅವಳು. ನನಗೆ ಬೇಕಿದ್ದುದು ಹೆಚ್ಚೇನಲ್ಲ. ಅವನು ಒಂದು ಸಲ, ಒಂದೇ ಒಂದು ಸಲ, ಆ ದೊಡ್ಡ ದನಿಯಲ್ಲಿ "ಕನ್ನಡಕ!" ಎಂದು ಕೂಗಬೇಕಿತ್ತು.

ಒಂದು ದಿನ ಅವನೇ ಒಳಗೆ ಬಂದ. "ಟಿಕೆಟ್ ಮೇಲಿನ ಸಣ್ಣ ಅಕ್ಷರ ಮಸುಕಾಗಿ ಕಾಣುತ್ತೆ ರೀ."

ಪರೀಕ್ಷೆ ಮಾಡಿದೆ. ಕೊನೆಗೆ ಎರಡು ಕಣ್ಣಿನ ನಡುವಿನ ಅಂತರ ಅಳೆಯಲು ಸ್ಕೇಲು ಹಿಡಿದು ಎದುರು ಕೂತೆ. ಈ ಕೆಲಸದಲ್ಲಿ ಗಿರಾಕಿಯ ಕಣ್ಣನ್ನು ನೇರವಾಗಿ ನೋಡದೆ ಗತಿಯಿಲ್ಲ.

"ನನ್ನ ಎಡಗಣ್ಣು ನೋಡಿ."

"ನೋಡ್ತಿದ್ದೀನಿ."

"ಅಲ್ಲಾಡಬೇಡಿ."

"ನಾನು ಅಲ್ಲಾಡ್ತಿಲ್ಲ ರೀ. ನಿಮ್ಮ ಸ್ಕೇಲು ಅಲ್ಲಾಡ್ತಿದೆ."

ಕಂದು ಕಣ್ಣು. ಬಿಸಿಲಲ್ಲಿ ನಿಂತು ನಿಂತು ಅಂಚಿನಲ್ಲಿ ಸಣ್ಣ ಸಣ್ಣ ಗೆರೆ. ನಗುವ ಮೊದಲೇ ನಗುವ ರೆಪ್ಪೆಗಳು. ನಾನು ಸ್ಕೇಲನ್ನು ಇನ್ನೊಮ್ಮೆ ಹಿಡಿದೆ, ಅಳತೆ ಮೊದಲ ಸಲವೇ ಸಿಕ್ಕಿದ್ದರೂ.

"ಆ ಕ್ಯಾಸೆಟ್ ಅಂಗಡಿ ಯಾರದ್ದು?" ಎಂದೆ, ಬೇರೆಲ್ಲೋ ಗಮನ ಇರುವವಳಂತೆ.

"ಒಬ್ಬ ಹುಡುಗೀದು."

"ಚೆನ್ನಾಗಿದ್ಲಾ?"

"ಹಾಡುಗಳಾ? ಚೆನ್ನಾಗಿದ್ವು."

ಬೇಕೆಂದೇ ಅವನಿಗೆ ಅತಿ ಕೆಟ್ಟ ಫ್ರೇಮು ಆರಿಸಿದೆ. ಅದರಲ್ಲೂ ಚೆನ್ನಾಗಿಯೇ ಕಂಡ, ಹಾಳಾದವನು.

ಆ ಫ್ರೇಮು ಕೆಟ್ಟದ್ದು ಎನ್ನುವುದಕ್ಕೆ ಬೇರೆ ಸಾಕ್ಷಿಯೂ ಸಿಕ್ಕಿತು. ವಾರ ಬಂತೆಂದರೆ ಅದರ ಸ್ಕ್ರೂ ಸಡಿಲ. "ಕಾಲು ಕಳಚಿಕೊಳ್ತಿದೆ ರೀ," ಎಂದು ಬಂದು ನಿಲ್ಲುತ್ತಿದ್ದ, ನಾನು ಬಿಗಿ ಮಾಡಿ ಕೊಡುತ್ತಿದ್ದೆ. ಫ್ರೇಮು ಸರಬರಾಜು ಮಾಡುವವನಿಗೆ ಫೋನ್ ಮಾಡಿ, ಇಂಥ ಸ್ಕ್ರೂ ಹಾಕೋದಕ್ಕಿಂತ ದಾರ ಕಟ್ಟಿ ಕಳಿಸಿ ಎಂದು ಬಾಯಿಗೆ ಬಂದಂತೆ ಬೈದೆ. ಅವನು ಪಾಪ, ಹೊಸ ಸ್ಕ್ರೂ ಡಬ್ಬಿ ಕಳಿಸಿದ. ಅವೂ ಸಡಿಲವಾದವು.

ಅಮ್ಮ ಮಧ್ಯಾಹ್ನದ ಊಟ ಹಿಡಿದುಕೊಂಡು ಅದೇ ಬಸ್ಸಿನಲ್ಲಿ ಬರುತ್ತಿದ್ದಳು. "ಒಳ್ಳೆ ಹುಡುಗ ಕಣೇ ಆ ಕಂಡಕ್ಟರು. ಅಮ್ಮ ಅಮ್ಮ ಅಂತ ಕೈ ಹಿಡಿದು ಇಳಿಸ್ತಾನೆ."

"ಅವನಿಗೆ ಲೋಕವೆಲ್ಲ ನೆಂಟರೇ."

"ನಿನ್ನನ್ನ ಏನಂತ ಕರೀತಾನೆ? ಅಕ್ಕ ಅಂತಾನಾ?"

"ಇಲ್ಲ. ರೀ ಅಂತಾನೆ."

"ನೀನು?"

"ನಾನೂ ರೀ ಅಂತೀನಿ. ಇನ್ನೇನನ್ಲಿ?"

ಅಮ್ಮ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕಳು. "ನಿಮ್ಮಪ್ಪನ್ನ ನಾನೂ ಹಾಗೇ ಕರೀತಿದ್ದೆ," ಎಂದು ಹೇಳಿ ಕೈತೊಳೆಯಲು ಎದ್ದು ಹೋದಳು. 

ಹೀಗಿರುವಾಗ ಒಂದು ಬೆಳಗ್ಗೆ ಅವಳೇ ಬಂದಳು.

ಯಾರೆಂದು ಗೊತ್ತಿರಲಿಲ್ಲ. ಕೈಯಲ್ಲಿ ಕಾರಿನ ಕೀ, ಭುಜದವರೆಗಿನ ಕೂದಲು. ಒಳಗೆ ಬಂದವಳು ಫ್ರೇಮು ನೋಡಲಿಲ್ಲ, ಗೋಡೆ ನೋಡಿದಳು. "ಆ ಕನ್ನಡಿ ಹಿಂದೆ ತೂತುಗಳಿರಬೇಕಲ್ಲ?"

"ಇದ್ವು," ಎಂದೆ. "ಮುಚ್ಚಿಸಿದ್ದೀನಿ."

"ನನ್ನ ಅಂಗಡಿ ಇಲ್ಲೇ ಇದ್ದಿದ್ದು. ಈ ಕಡೆ ಬಂದಿದ್ದೆ, ನೋಡಿಕೊಂಡು ಹೋಗೋಣ ಅನ್ನಿಸ್ತು. ಓದೋದಕ್ಕೆ ಒಂದು ಕನ್ನಡಕಾನೂ ಬೇಕಿತ್ತು."

ಕಣ್ಣು ಪರೀಕ್ಷೆಗೆ ಹಾಕುವ ಫ್ರೇಮು ಒಂದಿದೆ. ದುಂಡಗೆ, ದಪ್ಪಗೆ, ಕಬ್ಬಿಣದ ಹಾಗೆ. ಅದನ್ನು ಹಾಕಿಕೊಂಡರೆ ಎಂಥ ಚೆಲುವೆಯೂ ಕಪ್ಪೆಯಾಗುತ್ತಾಳೆ. ಅದನ್ನು ಬಹಳ ಉತ್ಸಾಹದಿಂದ ಅವಳ ಮೂಗಿನ ಮೇಲೆ ಕೂರಿಸಿದೆ. ಕಪ್ಪೆಯಾಗಲಿಲ್ಲ. ಅನ್ಯಾಯ ಅನ್ನುವುದು ಇದಕ್ಕೇ.

"ಆ ಕಂಡಕ್ಟರ್ ಇನ್ನೂ ಈ ರೂಟಲ್ಲೇ ಇದ್ದಾನಾ?" ಅಕ್ಷರದ ಬೋರ್ಡು ಓದುವುದನ್ನು ಬಿಟ್ಟು ಕೇಳಿದಳು.

"ಇದ್ದಾರೆ." ನಾನು ಬಹುವಚನಕ್ಕೆ ಒತ್ತು ಕೊಟ್ಟೆ. ಅವಳು ಗಮನಿಸಿದಳು ಎಂದು ತೋರುತ್ತದೆ.

"ಖಾಲಿ ಕ್ಯಾಸೆಟ್ ತಂದು ಹಾಡು ತುಂಬಿಸಿಕೊಂಡು ಹೋಗ್ತಿದ್ದ. ಎಷ್ಟೋ ಸಲ. ಆಮೇಲೆ ಗೊತ್ತಾಯ್ತು, ಅವನ ಮನೇಲಿ ಟೇಪ್ ರೆಕಾರ್ಡರೇ ಇರಲಿಲ್ಲವಂತೆ." ನಕ್ಕಳು. "ಹೇಳೋದನ್ನ ಹೇಳಲೇ ಇಲ್ಲ. ನನಗೂ ಬೇರೆ ಕಡೆ ಮದುವೆ ಗೊತ್ತಾಗಿತ್ತು ಅನ್ನಿ."

ಟೇಪ್ ರೆಕಾರ್ಡರ್ ಇಲ್ಲದೆ ಕ್ಯಾಸೆಟ್ ತುಂಬಿಸಿಕೊಂಡು ಹೋಗುತ್ತಿದ್ದನಂತೆ! ನನ್ನ ಹತ್ತಿರ ಸ್ಕ್ರೂ ಬಿಗಿ ಮಾಡಿಸಿಕೊಂಡು ಹೋಗುತ್ತಾನೆ. ಅವಳಿಗೆ ಹಾಡು, ನನಗೆ ಸ್ಕ್ರೂ.

"ಈಗ ನಿಮ್ಮ ಹೆಸರಲ್ಲೇ ಸ್ಟಾಪ್ ಕೂಗ್ತಾರೆ," ಎಂದೆ. ತಡೆದುಕೊಳ್ಳಲಾಗಲಿಲ್ಲ.

"ಹೌದಾ! ನಾನಿದ್ದಾಗ ಒಂದು ದಿನಾನೂ ಕೂಗಲಿಲ್ಲವಲ್ಲ, ಮಹಾರಾಯ! ಆಗೆಲ್ಲ 'ಗಿರಣಿ ಇಳಿಯೋರು ಯಾರು' ಅಂತಿದ್ದ. ಗಿರಣಿ ಯಾವ ಕಾಲದಲ್ಲೋ ಮುಚ್ಚಿತ್ತು."

ಕನ್ನಡಕ ಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ ನಿಂತು, "ಅಳತೆ ತಗೊಳ್ಳೋವಾಗ ಎಲ್ಲರ ಕಣ್ಣೂ ಹೀಗೇ ನೋಡ್ತೀರಾ? ಅವನದ್ದೂ?" ಎಂದಳು. ಆ ದನಿಯಲ್ಲಿ ಒಂದು ಸಣ್ಣ ಮುಳ್ಳಿತ್ತು. ಇಷ್ಟು ದಿನದಲ್ಲಿ ನನಗೆ ಸಿಕ್ಕ ಮೊದಲ ಸಮಾಧಾನ ಅದು.

ಆ ವರ್ಷವೇ ಮಾಲೀಕ ಸಾಲು ಅಂಗಡಿಗಳನ್ನು ಕೆಡವಿ ದೊಡ್ಡ ಕಟ್ಟಡ ಎಬ್ಬಿಸುವುದೆಂದು ತೀರ್ಮಾನಿಸಿದ. ನನಗೆ ಅದೇ ರೂಟಿನಲ್ಲಿ, ಮುಖ್ಯ ರಸ್ತೆಯಲ್ಲಿ ಜಾಗ ಸಿಕ್ಕಿತು. ಆ ಸ್ಟಾಪನ್ನು ಟಾಕೀಸ್ ಎನ್ನುತ್ತಾರೆ, ಟಾಕೀಸ್ ಇದ್ದ ಜಾಗದಲ್ಲಿ ಈಗ ಗೋಡೌನು.

ಕೊನೆಯ ದಿನ ಬೋರ್ಡು ಇಳಿಸಲು ಅವನೇ ಏಣಿ ಹತ್ತಿದ. ದೊಡ್ಡ ಕಣ್ಣುಗಳು ಗೋಡೆ ಬಿಟ್ಟು ಅವನ ಹೆಗಲ ಮೇಲೆ ಬಂದವು.

"ಇನ್ನಾದರೂ ಕನ್ನಡಕ ಅಂತ ಕೂಗ್ತೀರಾ?" ತಮಾಷೆಗೆಂಬಂತೆ ಕೇಳಿದೆ. ತಮಾಷೆ ಆಗಿರಲಿಲ್ಲ.

ಅವನು ಬಾಯಿ ತೆರೆದ. ಮತ್ತೆ ಮುಚ್ಚಿದ. ಬೋರ್ಡನ್ನು ಸಾಮಾನಿನ ಗಾಡಿಗೆ ಒರಗಿಸಿ, ಡ್ರೈವರ್ ಕರೆಯದಿದ್ದರೂ ಬಸ್ಸಿನ ಕಡೆಗೆ ಹೋದ.

ಹೊಸ ಅಂಗಡಿಯಲ್ಲಿ ವ್ಯಾಪಾರ ಚೆನ್ನಾಗಿತ್ತು, ನಾನು ಚೆನ್ನಾಗಿರಲಿಲ್ಲ. ಇಲ್ಲಿ ಬಸ್ಸು ನಿಂತ ಹಾಗೆ ಮಾಡಿ ಹೋಗಿಬಿಡುತ್ತಿತ್ತು. ಸ್ಕ್ರೂ ಸಡಿಲವಾಗಿದೆ ಎಂದು ಯಾರೂ ಬರಲಿಲ್ಲ. ಒಂದು ಸಂಜೆ ತಡೆಯಲಾರದೆ ಬೇಗ ಶಟರ್ ಎಳೆದು ಬಸ್ಸು ಹತ್ತಿದೆ. ಈಗ ಆ ಮೂಲೆಯಲ್ಲಿ ನಾನೂ ಇಲ್ಲ, ಅವಳೂ ಇಲ್ಲ. ಇಬ್ಬರೂ ಸಮಾನ. ಯಾರ ಹೆಸರು ಬರುತ್ತದೋ ನೋಡಿಯೇ ಬಿಡೋಣ ಎಂದುಕೊಂಡೆ.

ಅವನು ನನ್ನನ್ನು ನೋಡಿ ಚಿಲ್ಲರೆ ಕೈತಪ್ಪಿ ಬೀಳಿಸಿದ. ಟಿಕೆಟ್ ಕೊಟ್ಟ. ಬಸ್ಸಿನಲ್ಲಿ ಜನ ಇದ್ದರು, ಮಾತಾಗಲಿಲ್ಲ. ತಗಡಿನ ಬೇಲಿ ಕಟ್ಟಿದ ಮೂಲೆ ಬಂತು. ಅವನು ಎಂದಿನಂತೆ ಒಂದು ಕಾಲು ಕೆಳಗಿಟ್ಟ.

"ಕ್ಯಾಸೆಟ್! ಕ್ಯಾಸೆಟ್ ಇಳಿಯೋರು ಯಾರು?"

ಎಲ್ಲರೂ ಇಳಿದರು. ಡ್ರೈವರ್ ಚಹಾ ಹುಡುಕಿಕೊಂಡು ಹೋದ. ನಾನು ಕೂತೇ ಇದ್ದೆ.

"ಕೊನೇ ಸ್ಟಾಪ್ ರೀ," ಎಂದ ಮೆಲ್ಲಗೆ.

"ಕ್ಯಾಸೆಟ್ಟಲ್ಲಿ ನಾನು ಇಳಿಯಲ್ಲ." ಮುಂದಿನ ಸೀಟಿನ ಕಂಬಿ ಹಿಡಿದೆ. "ಅವಳಂದ್ರೆ ನಿಮಗೆ ಇಷ್ಟ ಇತ್ತಾ?"

ಸುಳ್ಳು ಹೇಳಬಹುದಿತ್ತು. "ಇತ್ತು," ಎಂದ.

ನೋವಾಯಿತು. ಕೇಳಿದ್ದು ನಾನೇ ಆದರೂ ನೋವಾಯಿತು. "ನನ್ನ ಅಂಗಡೀನೂ ಹೋಯ್ತಲ್ಲ. ಆದರೂ ಅವಳೇ ಬೇಕಾ ಕೂಗೋದಕ್ಕೆ?"

ಅವನು ಎದುರಿನ ಸೀಟಿನ ಅಂಚಿಗೆ ಕೂತ. ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. "ನಾನು ಹೋದವರನ್ನ ಕೂಗ್ತೀನಿ ರೀ. ಗಿರಣಿ ಹೋಯ್ತು, ಕೂಗಿದೆ. ಅವಳು ಹೋದ್ಲು, ಕೂಗಿದೆ. ಕೂಗಿದರೆ ಮನಸ್ಸಿಗೆ, ಆಯ್ತು, ಮುಗೀತು ಅನ್ಸುತ್ತೆ. ಬೋರ್ಡ್ ಇಳಿಸಿದ ದಿನ ನೀವು ಕನ್ನಡಕ ಅಂತ ಕೂಗಿ ಅಂದ್ರಿ. ಬಾಯಿ ತೆರೆದೆ. ಆಗಲಿಲ್ಲ."

"ಯಾಕೆ?"

"ಕೂಗಿಬಿಟ್ಟರೆ ನೀವೂ ಹೋದ ಹಾಗೆ." ಅವನು ನನ್ನ ಎಡಗಣ್ಣನ್ನೇ ನೋಡುತ್ತಿದ್ದ, ಅಳತೆಗೆ ಕೂತವನಂತೆ ಅಲ್ಲಾಡದೆ. "ನೀನು ಹೋಗಬೇಡ."

ಅವನ ಬಾಯಲ್ಲಿ ಮೊದಲ ಸಲ 'ನೀನು' ಬಂದಿತ್ತು. ಅವನೇ ಗಾಬರಿಯಾಗಿ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಉಜ್ಜತೊಡಗಿದ. ಅದರ ಒಂದು ಕಾಲು ಜೋತಾಡುತ್ತಿತ್ತು.

"ಇದ್ಯಾರು ಸಡಿಲ ಮಾಡಿದ್ದು?"

"ನಾನೇ. ಹತ್ತು ಸಲ ನಿಮ್ಮ ಅಂಗಡಿ ತನಕ ಬರೋಣ ಅಂದ್ಕೊಂಡೆ, ಬಸ್ ನಿಲ್ಲಲ್ಲವಲ್ಲ."

"ಮತ್ತೆ ಹಿಂದೆ?"

"ಆಗಲೂ ನಾನೇ. ಉಗುರಲ್ಲಿ."

ಫ್ರೇಮಿನವನನ್ನು ನಾನು ಬೈದ ಬೈಗುಳವೆಲ್ಲ ನೆನಪಾಯಿತು. ನಗುವೂ ಅಳುವೂ ಒಟ್ಟಿಗೆ ಬಂದು ಯಾವುದೂ ಸರಿಯಾಗಿ ಆಗಲಿಲ್ಲ. ಕೈಚೀಲದಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು, ಅಲ್ಲೇ ಕೂತು ಬಿಗಿ ಮಾಡಿದೆ, ಅವನ ಉಗುರು ಮುರಿದರೂ ತಿರುಗದಷ್ಟು ಬಿಗಿಯಾಗಿ. ನಾನೇ ಅವನ ಮೂಗಿನ ಮೇಲೆ ಕೂರಿಸಿ, ಕಿವಿಯ ಹಿಂದೆ ಸರಿಪಡಿಸಿದೆ. ಕೈ ಹಿಂದಕ್ಕೆ ತೆಗೆಯಲು ಅವಸರ ಮಾಡಲಿಲ್ಲ.

"ಇನ್ನು ಸಡಿಲ ಆಗಲ್ಲ. ರಜಾ ದಿನ ಸುಮ್ಮನೆ ಬನ್ನಿ. ಅಮ್ಮ ಕೇಳ್ತಾ ಇರ್ತಾಳೆ."

"ಅಮ್ಮನಾ ಕೇಳೋದು?"

"ಇನ್ಯಾರು ಕೇಳ್ತಾರೆ ರೀ ನಿಮ್ಮನ್ನ!"

ಬಸ್ಸು ಹಿಂದಿರುಗಿ ಹೊರಟಿತು. ಜನ ಹತ್ತಿದರು, ಇಳಿದರು. ನನ್ನ ಸ್ಟಾಪು ಹತ್ತಿರವಾದಾಗ ಅವನು ಬಾಗಿಲಲ್ಲಿ ನಿಂತು ಒಮ್ಮೆ ನನ್ನ ಕಡೆ ನೋಡಿದ. ಎದುರಿಗೆ ನನ್ನ ಬೋರ್ಡಿನ ಎರಡು ದೊಡ್ಡ ಕಣ್ಣು ದೀಪದಲ್ಲಿ ಹೊಳೆಯುತ್ತಿದ್ದವು. ಬೇಡ, ಕೂಗಬೇಡ ಎಂದುಕೊಂಡೆ, ಇಷ್ಟು ವರ್ಷ ಅದಕ್ಕಾಗಿಯೇ ಕಾದಿದ್ದವಳು.

"ಟಾಕೀಸ್! ಟಾಕೀಸ್ ಇಳಿಯೋರು ಯಾರು?"

ಅಷ್ಟು ಖುಷಿಯಾಗಿ ನಾನು ಯಾವ ಸ್ಟಾಪಿನಲ್ಲೂ ಇಳಿದಿರಲಿಲ್ಲ. ಇಳಿದ ಮೇಲೆ ಒಂದು ಸಂಶಯ ಬಂತು. ಓಡಿಹೋಗಿ ಬಾಗಿಲ ಕಂಬಿ ಹಿಡಿದೆ. "ರೀ, ಆ ಟಾಕೀಸಲ್ಲಿ ಟಿಕೆಟ್ ಕೊಡ್ತಾ ಇದ್ದಿದ್ದು ಯಾರು?"

ಬಸ್ಸು ಹೊರಟೇಬಿಟ್ಟಿತು. ಅವನು ಹೊರಗೆ ಬಾಗಿ, ರಸ್ತೆಗೆಲ್ಲ ಕೇಳುವಂತೆ ಕೂಗಿದ.

"ಮೀಸೆ ಮಾವ ರೀ!"