ಅಂಪೈರ್ ಹೇಳಬೇಕಿದ್ದ ಉತ್ತರ

"ಇವತ್ತಾದ್ರೂ ಹೇಳ್ತೀಯಾ?" ನೆಲ್ ಪಿಸುಗುಟ್ಟಿದಳು.

ಟೋಬಿ ಪ್ಯಾಡ್ ಕಟ್ಟಿಕೊಳ್ಳುತ್ತಿದ್ದ, ತಲೆ ಎತ್ತಲಿಲ್ಲ. "ಹೇಳ್ತೀನಿ ಮಾರಾಯ್ತಿ. ಮ್ಯಾಚ್ ಮುಗೀಲಿ."

"ಮೊನ್ನೆ ಊಟ ಮುಗೀಲಿ ಅಂದೆ. ನಿನ್ನೆ ಮಳೆ ನಿಲ್ಲಲಿ ಅಂದೆ. ಇಂಗ್ಲೆಂಡಲ್ಲಿ ಮಳೆ ನಿಲ್ಲೋದನ್ನ ಕಾಯ್ತಾ ಕೂತ್ರೆ ನಮಗಿಬ್ಬರಿಗೂ ತಲೆ ನೆರೆಯುತ್ತೆ ಕಣೋ."

ಅವನು ಓರೆಗಣ್ಣಲ್ಲಿ ನೋಡಿ ನಕ್ಕ. ಕಣ್ಣಿನ ಅಂಚು ಮೊದಲು ನಗುತ್ತದೆ, ತುಟಿ ಆಮೇಲೆ. ಆ ನಗುವಿಗೆ ಸಿಟ್ಟು ಕರಗಿಬಿಡುತ್ತದೆಂದು ಗೊತ್ತಿದ್ದ ನೆಲ್ ಬೇಕೆಂದೇ ಮುಖ ತಿರುಗಿಸಿಕೊಂಡಳು.

ವಿಷಯ ಇಷ್ಟೇ. ಅವಳು ಇಂಗ್ಲೆಂಡಿನ ಉತ್ತರದ ಬೋಲ್ಟನ್ನಿನ ಹುಡುಗಿ, ಅವನು ದಕ್ಷಿಣದ ಡಾರ್ಸೆಟ್‌ನ ಈ ಹಳ್ಳಿಯವನು. ಈಗ ಇಬ್ಬರೂ ವಾಸವಿರುವುದು ನ್ಯೂಜಿಲೆಂಡಿನ ಡನೀಡನ್‌ನಲ್ಲಿ. ಅವನಿಗೆ ಅಲ್ಲಿ ದೋಣಿ ಕಟ್ಟುವ ಕೆಲಸ, ಅವಳಿಗೆ ಶಾಲೆಯಲ್ಲಿ ಟೀಚರ್ ಕೆಲಸ. ಅಲ್ಲಿಯ ಸಮುದ್ರದಂಡೆಯಲ್ಲಿ ಒಂದು ಸಂಜೆ ಟೋಬಿ ತೊದಲುತ್ತಾ, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ್ದ. ಅವಳ ಎದೆ ಕುಣಿಯಿತು. ಬಾಯಿ ಮಾತ್ರ, "ನಾವು ವಾಪಸ್ ಬರಲ್ಲ ಅಂತ ಮೊದಲು ನಿಮ್ಮಪ್ಪನಿಗೆ ಹೇಳು. ಆಮೇಲೆ ಕೇಳು," ಎಂದಿತು.

ಏಕೆಂದರೆ ಪ್ರತಿ ಭಾನುವಾರ ಫೋನಿನಲ್ಲಿ ಅವನು, "ಬರೋ ವರ್ಷ ಬಂದ್ಬಿಡ್ತೀವಪ್ಪಾ," ಅನ್ನುತ್ತಿದ್ದ. ಫೋನ್ ಇಟ್ಟ ಮೇಲೆ ಅವಳ ಜೊತೆ ಡನೀಡನ್‌ನಲ್ಲಿ ಮನೆ ನೋಡಲು ಹೊರಡುತ್ತಿದ್ದ. ಸುಳ್ಳು ಹೇಳುತ್ತಿರುವುದು ಅಪ್ಪನಿಗೋ, ತನಗೋ? ಆ ಅನುಮಾನ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಇಂಗ್ಲೆಂಡಿಗೆ ಬಂದ ಈ ಪ್ರವಾಸದಲ್ಲಿ ಹೇಳುತ್ತೇನೆಂದು ಮಾತು ಕೊಟ್ಟಿದ್ದ. ಹೇಳಿದ ಕೂಡ! ಬೋಲ್ಟನ್ನಿನಲ್ಲಿ ಅವಳ ಅಕ್ಕನಿಗೆ ಹೇಳಿದ, ಬ್ರಿಸ್ಟಲ್‌ನಲ್ಲಿ ಗೆಳೆಯರಿಗೆಲ್ಲ ಹೇಳಿದ. ಇಲ್ಲಿಗೆ ಬಂದು ಅಡುಗೆಮನೆಯಲ್ಲಿ ಅಮ್ಮ ಮಾರ್ಜರಿಗೂ ಹೇಳಿದ. "ನಿಮ್ಮಪ್ಪನಿಗೆ ನೀನೇ ಹೇಳಪ್ಪ, ನನ್ನ ಮಧ್ಯ ಸಿಕ್ಕಿಸಬೇಡ," ಎಂದು ಅವರು ಕೈ ತೊಳೆದುಕೊಂಡರು. ಉಳಿದದ್ದು ಒಬ್ಬರೇ, ಅಪ್ಪ ಡಗ್ಲಸ್. ನಾಳೆ ವಿಮಾನ. ಹೇಳದೆ ಹತ್ತಿದರೆ ತನ್ನ ಉತ್ತರ 'ಇಲ್ಲ' ಎಂದೇ ತಿಳಿದುಕೊ ಎಂದು ನೆಲ್ ನಿನ್ನೆ ನೇರವಾಗಿ ಹೇಳಿಬಿಟ್ಟಿದ್ದಳು.

ಸಾಲದ್ದಕ್ಕೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಡಗ್ಲಸ್, "ಇವತ್ತು ಮ್ಯಾಚ್ ಆದ್ಮೇಲೆ ಪಬ್ಬಲ್ಲಿ ಎಲ್ಲರಿಗೂ ಒಂದು ಸುದ್ದಿ ಹೇಳ್ತೀನಿ. ನಾನು ಕ್ಯಾಪ್ಟನ್ ಕೆಲಸ ಬಿಡ್ತೀನಿ. ಬರೋ ವರ್ಷದಿಂದ ಟೀಮು ಟೋಬಿದು," ಎಂದು ಘೋಷಿಸಿದ್ದರು. ಟೋಬಿಯ ಗಂಟಲಲ್ಲಿ ಟೋಸ್ಟ್ ಸಿಕ್ಕಿಕೊಂಡಿತು. ಅದನ್ನು ನುಂಗಿ ಅವನು ಕೇಳಿದ್ದು, "ಇನ್ನೊಂದು ಕಪ್ ಟೀ ಹಾಕ್ಲಾ ಅಪ್ಪ?" ಅಂತ! ಮೇಜಿನ ಕೆಳಗೆ ನೆಲ್ ಅವನ ಕಾಲನ್ನು ಚೆನ್ನಾಗಿ ತುಳಿದಳು.

ಈ ಹಳ್ಳಿ ಮ್ಯಾಚುಗಳಲ್ಲಿ ಬ್ಯಾಟಿಂಗ್ ಮಾಡುವವರ ಕಡೆಯವರೇ ಅಂಪೈರ್ ಆಗಿ ನಿಲ್ಲಬೇಕು. ನಿಲ್ಲಬೇಕಾದವನಿಗೆ ಸೊಂಟ ಹಿಡಿದಿತ್ತು.

"ನಾನು ನಿಲ್ತೀನಿ," ಎಂದಳು ನೆಲ್. ಅವಳ ಅಪ್ಪ ಊರಲ್ಲಿ ಎಷ್ಟೋ ವರ್ಷ ಅಂಪೈರ್ ಆಗಿದ್ದವರು.

ಡಗ್ಲಸ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಲ್‌ಬಿಡಬ್ಲ್ಯೂ ಅಂದ್ರೇನು ಗೊತ್ತೇನಮ್ಮ?"

"ನಿಮ್ಮ ಬ್ಯಾಟಿಂಗ್ ನೋಡಿದ್ಮೇಲೆ ಅದನ್ನ ಮರೆಯೋಕಾಗುತ್ತಾ ಡಗ್ಲಸ್?"

ಅವರು ಹೊಟ್ಟೆ ಕುಣಿಸಿ ನಕ್ಕರು. ಅದೇ ಕಷ್ಟ. ಈ ಮನುಷ್ಯ ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗಿತ್ತು!

ಕೊನೆಯ ಓವರ್. ಗೆಲ್ಲಲು ಆರು ರನ್ ಬೇಕು. ಪಕ್ಕದ ಹಳ್ಳಿಯವರನ್ನು ಸೋಲಿಸಿ ಡಗ್ಲಸ್ ತಂಡಕ್ಕೆ ವರ್ಷಗಳೇ ಆಗಿದ್ದವು. ಟೋಬಿ ಔಟಾದರೆ ಉಳಿಯುವುದು ಬೇಕರಿಯ ಪರ್ಕಿನ್ ಒಬ್ಬನೇ; ಅವನ ಕೈಯಲ್ಲಿ ಬ್ಯಾಟ್ ಇದ್ದರೂ ಒಂದೇ, ಲಟ್ಟಣಿಗೆ ಇದ್ದರೂ ಒಂದೇ. ಅಲ್ಲಿ ಟೋಬಿ ಬ್ಯಾಟ್ ಹಿಡಿದು ನಿಂತಿದ್ದ. ಇಲ್ಲಿ ನೆಲ್ ಬಿಳಿ ಕೋಟಿನಲ್ಲಿ. ಅವಳ ಪಕ್ಕದಲ್ಲೇ, ಈ ತುದಿಯಲ್ಲಿ, ಡಗ್ಲಸ್ ಬ್ಯಾಟಿಗೆ ಒರಗಿದ್ದರು.

"ನೋಡು ಹೇಗೆ ನಿಂತಿದ್ದಾನೆ," ಅವರು ಮೆಲ್ಲಗೆ ಹೇಳಿದರು. "ಹುಟ್ಟಾ ಕ್ಯಾಪ್ಟನ್."

"ಅವನನ್ನ ಒಂದು ಮಾತು ಕೇಳಿದ್ರಾ?"

"ಕೇಳೋದೇನಿದೆ?"

ನೆಲ್ ತುಟಿ ಕಚ್ಚಿಕೊಂಡಳು. ಹೇಳಿಬಿಡಲೇ? ಉಹೂಂ. ಇದು ಅವನೇ ಹೇಳಬೇಕಾದ ಮಾತು.

ಬೌಲರ್ ಓಡಿಬಂದ. ಚೆಂಡು ನೆಲಕ್ಕೆ ಬಿದ್ದು ಹೊರಕ್ಕೆ ತಿರುಗಿತು. ಟೋಬಿ ಬ್ಯಾಟ್ ಚಾಚಿದ. ಅದೇ ಗಳಿಗೆಗೆ ಪಕ್ಕದ ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಗಡಗಡ ಎಂದು ಹಾದುಹೋಯಿತು. ಕೀಪರ್ ಚೆಂಡು ಹಿಡಿದು ಕುಪ್ಪಳಿಸಿದ. ಹನ್ನೊಂದೂ ಜನ ಕೈ ಎತ್ತಿ ಅವಳತ್ತ ಕಿರುಚಿದರು.

ಅವಳಿಗೆ ಏನೂ ಕೇಳಿಸಿರಲಿಲ್ಲ. "ನಾಟ್ ಔಟ್," ಎಂದಳು.

"ಪರವಾಗಿಲ್ಲ ಬಿಡಿ," ಎಂದ ಬೌಲರ್ ಹಲ್ಲು ಕಡಿಯುತ್ತಾ.

ಆಗ ಟೋಬಿ ಅವಳನ್ನು ನೋಡಿದ. ನೋಡಿ ಥಟ್ಟನೆ ಕಣ್ಣು ತಗ್ಗಿಸಿ, ಕೈಗವಸಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿಕೊಂಡ. ನೆಲ್‌ಗೆ ಆ ನೋಟದ ಪರಿಚಯವಿತ್ತು. ಭಾನುವಾರ ಫೋನ್ ಇಟ್ಟ ಮೇಲೆ ಅವನು ನೋಡುವುದು ಹೀಗೆಯೇ. ಚೆಂಡು ಬ್ಯಾಟಿಗೆ ತಾಗಿದೆ!

ಈ ಹಳ್ಳಿಯಲ್ಲಿ ಬ್ಯಾಟಿಗೆ ತಾಗಿಸಿಕೊಂಡವನು ತಾನೇ ಹೊರಟುಹೋಗುತ್ತಾನೆ, ಅಂಪೈರ್ ಬೆರಳೆತ್ತುವವರೆಗೆ ಕಾಯುವುದು ಮರ್ಯಾದಸ್ತರ ಲಕ್ಷಣವಲ್ಲ. ನಮ್ಮ ಮನೆತನದಲ್ಲಿ ಹಾಗೆ ನಿಂತವರೇ ಇಲ್ಲ ಎಂದು ಡಗ್ಲಸ್ ಊಟಕ್ಕೆ ಕೂತಾಗಲೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಅವರ ಮಗ ಈಗ ನಿಂತಿದ್ದ. ಅಪ್ಪನ ಖುಷಿಗಾಗಿ ಇವನು ಜೀವನವಿಡೀ ಹೀಗೇ ನಿಂತಿರುತ್ತಾನೆ, ತಾನು ಪಕ್ಕದಲ್ಲಿ ನೋಡುತ್ತಾ ನಿಂತಿರಬೇಕು.

"ನಿಂತ್ಕೋ ಮಗನೇ, ನಿಂತ್ಕೋ." ತುಟಿ ಅಲ್ಲಾಡಿಸದೆ ಗೊಣಗಿದವರು ಡಗ್ಲಸ್.

ನೆಲ್ ಗಕ್ಕನೆ ತಿರುಗಿದಳು. "ಏನಂದ್ರಿ?"

"ಏನಿಲ್ಲಮ್ಮ, ಮೋಡ ಆಗ್ತಿದೆ ಅಂದೆ."

ಟೋಬಿ ಅಪ್ಪನನ್ನೇ ನೋಡುತ್ತಿದ್ದ. ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ. ಪೆವಿಲಿಯನ್ ಕಡೆಗಲ್ಲ, ಇವರ ಕಡೆಗೇ ಬಂದ.

"ಅಪ್ಪ, ಬ್ಯಾಟಿಗೆ ತಾಗಿತ್ತು."

"ಅಂಪೈರ್ ನಾಟ್ ಔಟ್ ಅಂದಾಯ್ತಲ್ಲೋ. ಹೋಗಿ ಆಡು."

"ತಾಗಿತ್ತು. ಮತ್ತೆ, ನಾವು ವಾಪಸ್ ಬರಲ್ಲ. ಬರೋ ವರ್ಷವೂ ಇಲ್ಲ, ಅದರಾಚೆಗೂ ಇಲ್ಲ. ಪ್ರತಿ ಭಾನುವಾರ ನಿನಗೆ ಸುಳ್ಳು ಹೇಳ್ದೆ. ನಿನ್ನ ದನಿ ಸಣ್ಣಗಾಗೋದನ್ನ ಕೇಳೋ ಧೈರ್ಯ ಇರಲಿಲ್ಲ ಅಪ್ಪ."

ಮೈದಾನದಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಅಂದರೆ ಎಲ್ಲರಿಗೂ ಕೇಳಿಸಿತ್ತು. ಒಬ್ಬ ಬಿಗಿಯಾಗೇ ಇದ್ದ ಶೂ ಲೇಸನ್ನು ಬಗ್ಗಿ ಬಿಗಿದ. ಕೀಪರ್ ನೆಟ್ಟಗೇ ಇದ್ದ ಬೇಲ್ಸನ್ನು ನೆಟ್ಟಗೆ ಮಾಡಿದ.

"ಇದನ್ನ ಪಬ್ಬಲ್ಲಿ ಹೇಳೋಕಾಗ್ತಿರಲಿಲ್ವಾ?" ಡಗ್ಲಸ್ ಕೊನೆಗೂ ಕೇಳಿದರು.

"ಅಲ್ಲೀವರೆಗೂ ಬಿಟ್ಟಿದ್ರೆ ಹೇಳ್ತಾನೇ ಇರಲಿಲ್ಲ."

ಡಗ್ಲಸ್ ಬ್ಯಾಟಿನ ತುದಿಯಿಂದ ನೆಲ ಕುಟ್ಟಿದರು. ಕುಟ್ಟುತ್ತಲೇ ಇದ್ದರು. "ಔಟಾದವನಿಗೆ ಪಿಚ್ ಮೇಲೇನು ಕೆಲಸ? ನಡಿ." ಕೊನೆಯ ಮಾತಿಗೆ ದನಿ ಒಡೆಯಿತು.

ಟೋಬಿಯ ಮುಖ ಬಿಳಿಚಿತು. ನೆಲ್‌ಳತ್ತ ನೋಡಲೂ ಆಗದೆ ತಲೆ ತಗ್ಗಿಸಿ ಹೊರಟ. ಅವನ ಬೆನ್ನು ನೋಡಿ ಅವಳಿಗೆ ಓಡಿಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಆದರೆ ಅಂಪೈರ್ ನಿಂತ ಜಾಗ ಬಿಡುವಂತಿಲ್ಲವಲ್ಲ!

"ಟೋಬಿ!" ಎಂದು ಕೂಗಿದಳು.

ಅವನು ತಿರುಗಿದ.

"ಆವತ್ತು ಕೇಳಿದ್ಯಲ್ಲ, ಈಗ ಕೇಳು."

"ಇಲ್ಲೇನಾ? ಇವರೆಲ್ಲರ ಮುಂದೆ?"

"ಬೇಗ ಕೇಳು, ಪರ್ಕಿನ್ ಬರ್ತಿದ್ದಾನೆ."

ಅವನ ಕಣ್ಣಿನ ಅಂಚು ಅರಳಿತು, ಆಮೇಲೆ ತುಟಿ. "ನನ್ನ ಮದುವೆ ಆಗ್ತೀಯಾ ನೆಲ್?"

"ಆಗ್ತೀನಿ ಕಣೋ, ದಡ್ಡ. ಈಗ ಹೋಗು."

ಎದುರು ತಂಡದವರು ಚಪ್ಪಾಳೆ ತಟ್ಟಿದರು, ಹಲ್ಲು ಕಡಿದ ಬೌಲರ್ ಕೂಡ. ಪರ್ಕಿನ್ ಬಂದ, ಕಣ್ಣು ಮುಚ್ಚಿ ಬೀಸಿದ, ಮೂರೂ ಸ್ಟಂಪ್ ಚೆಲ್ಲಾಪಿಲ್ಲಿಯಾದವು.

ಸೋತವರ ಸಾಲಿನಲ್ಲಿ ಡಗ್ಲಸ್ ಅವಳ ಪಕ್ಕ ನಡೆದರು. ಬೌಂಡರಿಯ ಹತ್ತಿರ ಟೋಬಿ ಪ್ಯಾಡ್ ಬಿಚ್ಚದೆ ಕಾಯುತ್ತಿದ್ದ.

"ಅಲ್ಲಿ ಬೇಸಿಗೆ ಯಾವಾಗಮ್ಮ?" ಎಂದರು ಡಗ್ಲಸ್.

"ಡಿಸೆಂಬರಲ್ಲಿ."

ಅವರು ಕೈಗವಸಿನಿಂದ ಮೂಗು ಒರೆಸಿಕೊಂಡರು. "ಇಲ್ಲಿ ಡಿಸೆಂಬರಲ್ಲಿ ಕ್ರಿಕೆಟ್ ಇರಲ್ಲ. ಮದುವೆ ಆಗ ಇಟ್ಕೊಳ್ಳಿ. ಮಾರ್ಜರಿನೂ ಕರ್ಕೊಂಡು ಬರ್ತೀನಿ."